ಎಳೆಯರ ಕವಿಶಿಷ್ಯ ಪಂಜೆ ಮಂಗೇಶರಾಯರು

ವಾಡಿ ಜಂಕ್ಷನ್ನಿನಲ್ಲಿ ಇಳಿದು ಗಾಡಿ ಬದಲಿಸಿದವರು ಆ ನಿಲ್ದಾಣವನ್ನು ಬೇಗ ಮರೆಯಲಾರರು. ಮುಂಬಯಿಯಿಂದ ರಾಯಚೂರಿನ ಮೇಲೆ ಮದರಾಸಿಗೆ ಹೋಗುವ ಹಿರಿಯ ದಾರಿಯಿಂದ ಅಲ್ಲಿ ಒಂದು ಕವಲು ಒಡೆದು, ಚಿತ್ತಾಪುರ, ಸೇಡಂಗಳನ್ನು ಹಾದು, ತಾಂಡೂರಿನ ಮೂಲಕ ಹೈದರಾಬಾದಿಗೆ ಸಾಗುತ್ತದೆ. ನಿಜಾಮರ ರಾಜ್ಯದ ಈ ದಾರಿಯಲ್ಲಿ ರೈಲು ಓಡತೊಡಗಿದ್ದು 1874ರಲ್ಲಿ. ಅದೇ ವರ್ಷದ ಫೆಬ್ರವರಿ 22ರಂದು, ಇಲ್ಲಿಂದ ಬಹು ದೂರದಲ್ಲಿ, ನೇತ್ರಾವತಿಯ ದಡದ ಬಂಟವಾಳದಲ್ಲಿ ಒಂದು ಗಂಡುಕೂಸು ಹುಟ್ಟಿತು. ಆ ಕೂಸು ಬೆಳೆದು, ಕನ್ನಡದ ಮಕ್ಕಳಿಗೆ ಹಾಡನ್ನೂ ಕಥೆಯನ್ನೂ ಕೊಟ್ಟು, ತನ್ನ ಅರುವತ್ತನೆಯ ವಯಸ್ಸಿನಲ್ಲಿ ರಾಯಚೂರಿಗೆ ಬಂದು ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನು ಅಲಂಕರಿಸಿತು. ಮತ್ತೆ ಮೂರು ವರ್ಷಗಳಲ್ಲಿ, ಈ ಕವಲುದಾರಿ ಹೋಗಿ ಮುಟ್ಟುವ ಹೈದರಾಬಾದಿನಲ್ಲಿಯೇ ಕಣ್ಣು ಮುಚ್ಚಿತು. ಇವು ಕೇವಲ ಕಾಕತಾಳೀಯಗಳಿರಬಹುದು. ಆದರೂ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಕಡೆಯವರಾದ ನಮಗೆ ಕರಾವಳಿಯ ಪಂಜೆ ಮಂಗೇಶರಾಯರನ್ನು ನಮ್ಮವರೆಂದು ನೆನೆಯಲು ಇಷ್ಟು ನೆಪ ಸಾಕು. ನೆನೆಯಬೇಕಾದ ಕಾರಣ ಬೇರೆಯೇ ಉಂಟು. ಅದನ್ನು ಅವರ ಬಾಳನ್ನು ಹೇಳುತ್ತ ಹೇಳಬೇಕು.

ಪಂಜೆ ಎಂಬುದು ಮನೆತನದ ಹೆಸರು. ಸುಬ್ರಹ್ಮಣ್ಯದ ಸಮೀಪದ ಪಂಜ ಅವರ ಹಿರಿಯರ ಊರು. ಮನೆಯಲ್ಲಿ ಆಡುವ ಮಾತು ಕೊಂಕಣಿ. ಹೊಸಿಲು ದಾಟಿ ಬೀದಿಗಿಳಿದರೆ ಕಿವಿಗೆ ಬೀಳುವುದು ತುಳು. ಶಾಲೆಗೆ ಹೋಗಿ ಮಣೆಯ ಮೇಲೆ ಕುಳಿತರೆ ಕಲಿಯುವುದು ಕನ್ನಡ. ಮುಂದೆ ಹೊಟ್ಟೆಪಾಡಿಗೆ ಬೇಕಾದದ್ದು ಇಂಗ್ಲಿಷು. ಒಬ್ಬ ಹುಡುಗನ ತಲೆಯ ಮೇಲೆ ನಾಲ್ಕು ನುಡಿಗಳ ಹೊರೆ ಎಂದು ನಾವು ಮರುಗಬಹುದು. ರಾಯರಿಗೆ ಅದು ಹೊರೆಯಾಗಲಿಲ್ಲ, ಬುತ್ತಿಯಾಯಿತು. ಒಂದು ನುಡಿಯಲ್ಲಿ ಕೇಳಿದ್ದನ್ನು ಇನ್ನೊಂದು ನುಡಿಯಲ್ಲಿ ಹೇಳಿ ನೋಡುವ ಅಭ್ಯಾಸ ಅವರಿಗೆ ಎಳವೆಯಲ್ಲಿಯೇ ಬಂದಿರಬೇಕು. ಹಾಗೆ ಹೇಳುವಾಗ ಯಾವ ಮಾತು ಉಳಿಯುತ್ತದೆ, ಯಾವುದು ಜಾರಿಹೋಗುತ್ತದೆ ಎಂಬ ಸೂಕ್ಷ್ಮ ಪಂಡಿತರಿಗಿಂತ ಇಂಥ ಮಕ್ಕಳಿಗೆ ಬೇಗ ತಿಳಿಯುವುದುಂಟು.

ಮನೆಯಲ್ಲಿ ಸಿರಿವಂತಿಕೆಯಿರಲಿಲ್ಲ. ಬಂಟವಾಳದಲ್ಲಿ ಮೊದಲ ಪಾಠಗಳನ್ನು ಮುಗಿಸಿ ಮಂಗಳೂರಿಗೆ ಬಂದ ತರುಣನು ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಓದಿ, ಕಷ್ಟದಿಂದಲೇ ಮುಂದೆ ಬಂದನು. ಅದೇ ಕಾಲೇಜಿನಲ್ಲಿ ಕನ್ನಡ ಪಂಡಿತನ ಹುದ್ದೆ ಅವರಿಗೆ ದೊರೆತಾಗ ಇನ್ನೂ ಹರೆಯದ ದಿನಗಳು. ಅಲ್ಲಿಗೆ ನಿಲ್ಲದೆ ಬಿ.ಎ. ಪದವಿಯನ್ನೂ, ಉಪಾಧ್ಯಾಯರಿಗೆ ಬೇಕಾದ ಎಲ್.ಟಿ. ಪದವಿಯನ್ನೂ ಪಡೆದು, ಮದರಾಸು ಸರ್ಕಾರದ ವಿದ್ಯಾ ಇಲಾಖೆಯಲ್ಲಿ ಶಾಲೆಗಳ ತನಿಖಾಧಿಕಾರಿಯಾದರು.

ಆ ಕಾಲದ ಮಂಗಳೂರು ಅಚ್ಚಿನ ಊರು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನು ತೆರೆದಿದ್ದರು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಮಂಗಳೂರಿನಿಂದಲೇ. ತುಳುನಾಡಿನ ಭೂತಗಳ ಪಾಡ್ದನಗಳನ್ನು ಬಾಯಿಂದ ಕೇಳಿ ಬರೆದು, ಕನ್ನಡ ಲಿಪಿಯಲ್ಲಿ ಪಾಡ್ದನೊಳು ಎಂಬ ಹೊತ್ತಗೆಯಾಗಿ ಅವರು 1886ರಲ್ಲಿ ಪ್ರಕಟಿಸಿದರು. 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಅಲ್ಲಿ ಅಚ್ಚಾಗಿ ಹೊರಬಂದಾಗ ನಮ್ಮ ರಾಯರಿಗೆ ಇಪ್ಪತ್ತು ವರ್ಷ. ಹೊಲಗದ್ದೆಯ ಹಾಡೂ ಅಚ್ಚಿಗೆ ಯೋಗ್ಯ, ಆಡುಮಾತಿನ ಶಬ್ದವೂ ನಿಘಂಟಿಗೆ ಯೋಗ್ಯ ಎಂಬ ಅರಿವು ಬೇರೆ ಊರುಗಳಲ್ಲಿ ಇನ್ನೂ ಮೂಡದಿದ್ದಾಗ ಈ ಊರಿನ ಗಾಳಿಯಲ್ಲಿ ಸೇರಿಹೋಗಿತ್ತು. ಪಂಜೆಯವರು ಆ ಗಾಳಿಯಲ್ಲಿ ಉಸಿರಾಡಿದವರು.

1900ರ ಸುಮಾರಿಗೆ ಬೆನಗಲ್ ರಾಮರಾಯರು ಮಂಗಳೂರಿನಲ್ಲಿ ಸುವಾಸಿನಿ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು. ಅದರಲ್ಲಿ ಹರಟೆಮಲ್ಲನೆಂಬ ಹೆಸರಿನಿಂದ ಪಂಜೆಯವರ ಲೇಖನಿ ಆಡತೊಡಗಿತು. ನನ್ನ ಚಿಕ್ಕತಾಯಿ, ನನ್ನ ಚಿಕ್ಕತಂದೆ, ಕಮಲಾಪುರದ ಹೊಟ್ಲಿನಲ್ಲಿ ಮೊದಲಾದ ಅವರ ಕಥೆಗಳನ್ನು ಕನ್ನಡದ ಸಣ್ಣಕಥೆಯ ಉಗಮದಲ್ಲಿಟ್ಟು ನೋಡುವುದು ವಿಮರ್ಶಕರ ವಾಡಿಕೆ. ನಗೆ, ಲಘುತ್ವ, ನಾಲಗೆಯ ಮೇಲಿನ ಮಾತನ್ನೇ ಕಾಗದಕ್ಕೆ ಇಳಿಸುವ ಧೈರ್ಯ ಇವು ಅಲ್ಲಿ ಆಗಲೇ ಕಾಣುತ್ತವೆ. ದೊಡ್ಡವರಿಗಾಗಿ ಹೀಗೆಯೇ ಬರೆಯುತ್ತ ಹೋಗಿದ್ದರೆ ಅವರು ಕನ್ನಡದ ಹಿರಿಯ ಕಥೆಗಾರರಲ್ಲಿ ಒಬ್ಬರೆನಿಸಿಕೊಳ್ಳುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಉದ್ಯೋಗ ಅವರನ್ನು ಬೇರೊಂದು ಬಾಗಿಲ ಮುಂದೆ ತಂದು ನಿಲ್ಲಿಸಿತು.

ಶಾಲೆಯ ಇನ್ಸ್‌ಪೆಕ್ಟರು ಎಂದರೆ ಆಗಿನ ಹಳ್ಳಿಗಳಲ್ಲಿ ಒಂದು ಭಯ. ಅವನು ಬರುವ ದಿನ ಉಪಾಧ್ಯಾಯರು ನಡುಗುವರು; ಮಕ್ಕಳು ಬಾಯಿಪಾಠವನ್ನು ಮರೆಯುವರು. ಪಂಜೆಯವರು ಬಂದರೆ ಮಾತ್ರ ಶಾಲೆ ಹಬ್ಬದ ಮನೆಯಾಗುತ್ತಿತ್ತೆಂಬ ಖ್ಯಾತಿ ಅವರಿಗಿತ್ತು. ಮಕ್ಕಳ ನಡುವೆ ಕುಳಿತು ಕಥೆ ಹೇಳುವುದು, ಹಾಡಿ ಹಾಡಿಸುವುದು, ಅಭಿನಯಿಸುವುದು ಇದೇ ಅವರ ತನಿಖೆಯ ರೀತಿ. ಹೀಗೆ ಊರೂರು ಸುತ್ತುವಾಗ ಅವರಿಗೆ ಒಂದು ಕೊರತೆ ಎದ್ದು ಕಂಡಿತು. ಅಕ್ಷರ ಕಲಿತ ಮಗುವಿಗೆ ಓದಲು ಏನಿದೆ? ಹಳಗನ್ನಡದ ಪದ್ಯವಿದೆ, ಅದು ಮಗುವಿಗೆ ಎಟುಕದು. ನೀತಿಬೋಧೆಯ ಪಾಠವಿದೆ, ಅದು ಮಗುವಿಗೆ ರುಚಿಸದು. ಇಂಗ್ಲಿಷ್ ವಾಚಕಗಳಿಂದ ತೆಗೆದ ಅನುವಾದಗಳಿವೆ, ಅವುಗಳಲ್ಲಿ ಬೀಳುವ ಹಿಮವನ್ನು ಬಂಟವಾಳದ ಮಗು ಕಂಡಿಲ್ಲ. ಅಜ್ಜಿಯ ಬಾಯಲ್ಲಿ ಮಾತ್ರ ಕಥೆಗಳ ಕಣಜವೇ ಇದೆ. ಆದರೆ ಅದು ಶಾಲೆಯ ಬಾಗಿಲ ಹೊರಗೇ ನಿಂತಿದೆ. ಮನೆಯ ಕಥೆಗೆ ಶಾಲೆಯಲ್ಲಿ ಮರ್ಯಾದೆಯಿಲ್ಲದಿದ್ದರೆ, ಮನೆಯಲ್ಲಿ ಕಲಿತದ್ದೆಲ್ಲ ಕೀಳೆಂದು ಮಗು ತಾನಾಗಿಯೇ ತೀರ್ಮಾನಿಸುತ್ತದೆ. ಅದನ್ನು ಯಾರೂ ಅದಕ್ಕೆ ಹೇಳಬೇಕಾಗಿಲ್ಲ.

ಈ ಕೊರತೆಯನ್ನು ತುಂಬಲು ಪಂಜೆಯವರು ಎರಡು ದಾರಿ ಹಿಡಿದರು. ಮೊದಲನೆಯದು, ಶಾಲೆಯ ಪದ್ಯಪುಸ್ತಕಗಳನ್ನು ತಾವೇ ಸಂಪಾದಿಸಿದ್ದು. ಅವುಗಳಲ್ಲಿ ಹೊಸ ಕವಿಗಳ ಸುಲಭವಾದ ರಚನೆಗಳಿಗೆ ಎಡೆ ಸಿಕ್ಕಿತು. ಎರಡನೆಯದು ಹೆಚ್ಚಿನ ಸಾಹಸ: ಮಕ್ಕಳ ಹೊತ್ತಗೆಗಳಿಗಾಗಿಯೇ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವೆಂಬ ಸಂಸ್ಥೆಯನ್ನು ಕಟ್ಟಿದ್ದು. ಹೆಸರು ದೊಡ್ಡದು, ಕೈ ಚಿಕ್ಕದು ಎಂಬಂತೆ, ಗೆಳೆಯರು ಕೂಡಿ ನಡೆಸುವ ಸಣ್ಣ ಪ್ರಕಾಶನ ಅದು. ಮಕ್ಕಳ ಪುಸ್ತಕವನ್ನು ಹೊರಡಿಸುವುದರ ಕಷ್ಟವನ್ನು ಆ ಕೆಲಸ ಮಾಡಿದವರೇ ಬಲ್ಲರು. ದೊಡ್ಡವರ ಪುಸ್ತಕಕ್ಕೆ ಸಣ್ಣ ಮೊಳೆಯ ಅಕ್ಷರ ಸಾಕು. ಮಕ್ಕಳದಕ್ಕೆ ದಪ್ಪ ಅಕ್ಷರ ಬೇಕು, ಆದುದರಿಂದ ಕಾಗದ ಹೆಚ್ಚು. ಚಿತ್ರ ಬೇಕೆಂದರೆ ಒಂದೊಂದಕ್ಕೂ ಬ್ಲಾಕು ಮಾಡಿಸಬೇಕು, ಆದುದರಿಂದ ಖರ್ಚು ಹೆಚ್ಚು. ಓದುವವನ ಕೈಯಲ್ಲಿ ಕಾಸಿಲ್ಲ, ಆದುದರಿಂದ ಬೆಲೆ ಮಾತ್ರ ಕಡಿಮೆಯಿರಬೇಕು. ಈ ಲೆಕ್ಕ ಅಂದಿಗೂ ಕೂಡಿಬರಲಿಲ್ಲ, ಇಂದಿಗೂ ಸುಲಭವಾಗಿ ಕೂಡಿಬರುವುದಿಲ್ಲ. ಆದರೂ ಮಂಡಲದ ಹೊತ್ತಗೆಗಳು ಹೊರಬಂದವು, ಮಕ್ಕಳ ಕೈ ಸೇರಿದವು, ಹರಿಯುವವರೆಗೂ ಓದಿಸಿಕೊಂಡವು. ಮಕ್ಕಳ ಪುಸ್ತಕ ಹರಿದುಹೋಗುವುದಕ್ಕಿಂತ ದೊಡ್ಡ ಸನ್ಮಾನ ಅದಕ್ಕೆ ಇನ್ನೇನಿದೆ!

ಚಿತ್ರದ ಬ್ಲಾಕು ದುಬಾರಿಯಾದ ಕಾಲದಲ್ಲಿ ಪಂಜೆಯವರು ಮಾತಿನಿಂದಲೇ ಚಿತ್ರ ಬರೆದರು. ಹಾವಿನ ಹಾಡನ್ನು ಕನ್ನಡದಲ್ಲಿ ಅಕ್ಷರ ಕಲಿತವರಲ್ಲಿ ಅರಿಯದವರು ಕಡಿಮೆ. ಹೆಡೆಯಾಡುವ ಹಾವೂ, ಅದರೆದುರು ಹೆದರಿಕೆ ಬೆರಗುಗಳಿಂದ ನಿಂತು ಅದನ್ನು ಕರೆದು ಮಾತಾಡಿಸುವ ಮಗುವೂ ಎರಡೂ ಆ ಹಾಡಿನಲ್ಲಿ ಕಣ್ಣಿಗೆ ಕಟ್ಟುತ್ತವೆ. ತೆಂಕಣ ಗಾಳಿಯಾಟದಲ್ಲಿ ಕರಾವಳಿಯ ಮಳೆಗಾಲದ ಬಿರುಗಾಳಿ ಶಬ್ದಗಳ ಓಟವಾಗಿಯೇ ಬೀಸುತ್ತದೆ. ಅರ್ಥ ತಿಳಿಯದ ಮಗುವಿಗೂ ಗಾಳಿ ತಿಳಿಯುತ್ತದೆ. ಇಂಥ ಪದ್ಯಗಳಿಗೆ ಅವರು ತಮ್ಮ ಹೆಸರು ಹಾಕದೆ ಕವಿಶಿಷ್ಯ ಎಂದು ಅಂಕಿತವಿಟ್ಟರು. ಇದು ಬರಿಯ ಸೌಜನ್ಯವೆಂದು ನನಗೆ ತೋರುವುದಿಲ್ಲ. ಕೇಶಿರಾಜನ ಶಬ್ದಮಣಿದರ್ಪಣದ ಕಿಟ್ಟೆಲ್ ಆವೃತ್ತಿಯನ್ನು ಪರಿಷ್ಕರಿಸಿ 1920ರಲ್ಲಿ ಹೊರತಂದ ವಿದ್ವಾಂಸರೂ ಇವರೇ. ವ್ಯಾಕರಣದ ಸೂತ್ರಗಳಲ್ಲಿ ಮುಳುಗೆದ್ದ ಆ ತಲೆ, ಮಗುವಿನ ತೊದಲಿನ ಮುಂದೆ ಮಾತ್ರ ತಾನು ಶಿಷ್ಯನೆಂದು ಬಾಗಿತು. ಮಕ್ಕಳಿಗಾಗಿ ಬರೆಯಹೊರಟ ಪಂಡಿತರಲ್ಲಿ ಎಷ್ಟೋ ಜನ ಸೋತದ್ದು ಈ ಬಾಗುವಿಕೆ ಬಾರದುದರಿಂದ.

ಅವರ ಕಥೆಗಳು ಎರಡು ಕಡೆಯಿಂದ ಬಂದವು. ಕೆಲವು ಹೊರನಾಡಿನವು. ಇಲಿಗಳ ಥಕಥೈ ಅಂಥದು. ಊರಿನ ಇಲಿಗಳನ್ನೆಲ್ಲ ಕೊಳಲೂದಿ ಕರೆದೊಯ್ದವನ ಜರ್ಮನಿಯ ಐತಿಹ್ಯವನ್ನು ಇಂಗ್ಲಿಷಿನಲ್ಲಿ ಬ್ರೌನಿಂಗ್ ಕವಿ ಹಾಡಿದ್ದನು. ಪಂಜೆಯವರು ಅದಕ್ಕೆ ಇಟ್ಟ ಹೆಸರಿನಲ್ಲಿಯೇ ನಮ್ಮ ಕುಣಿತದ ಹೆಜ್ಜೆಯಿದೆ. ಇಲಿಗಳು ಗಡಿ ದಾಟಿದೊಡನೆ ಕನ್ನಡದ ತಾಳಕ್ಕೆ ಕುಣಿಯತೊಡಗಿದವು. ಇನ್ನು ಕೆಲವು ನೆಲದ ಕಥೆಗಳು. ಸಿಗಡಿ ಯಾಕೆ ಒಣಗಲಿಲ್ಲ? ಎಂಬುದು ಅವುಗಳಲ್ಲಿ ಒಂದು. ಬಿಸಿಲಿಗೆ ಹಾಕಿದ ಸಿಗಡಿ ಒಣಗದೆ ಹೋಯಿತೇಕೆ ಎಂಬ ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತ, ಪ್ರತಿಯೊಬ್ಬರೂ ತಪ್ಪನ್ನು ಮುಂದಿನವರ ಮೇಲೆ ಹೊರಿಸುತ್ತ, ಸರಪಣಿಯಂತೆ ಬೆಳೆಯುವ ಕಥೆ ಅದು. ಮೀನು ಒಣಗಿಸುವ ಕಡಲಕರೆಯ ಅಂಗಳದಲ್ಲದೆ ಆ ಹೆಸರು ಬೇರೆಲ್ಲಿ ಹುಟ್ಟೀತು?

ಆದರೆ ಇಲ್ಲಿ ಒಂದು ವಿಶೇಷವುಂಟು. ಸೇಡಂ, ಚಿಂಚೋಳಿಗಳ ಪೂರ್ವದ ಗಡಿ ದಾಟಿದರೆ ತೆಲುಗು ನಾಡು. ಅಲ್ಲಿ ಏಳು ಮೀನುಗಳ ಕಥೆಯನ್ನು ಕೇಳದೆ ಬೆಳೆದ ಮಗುವಿಲ್ಲ. ರಾಜನ ಏಳು ಮಕ್ಕಳು ತಂದ ಏಳು ಮೀನುಗಳಲ್ಲಿ ಒಂದು ಒಣಗಲಿಲ್ಲ. ಹುಲ್ಲಿನ ಮೆದೆ ಅಡ್ಡ ಬಂತೆಂದು ಮೀನು, ಹಸು ಮೇಯಲಿಲ್ಲವೆಂದು ಮೆದೆ, ದನಗಾಹಿ ಬಿಡಲಿಲ್ಲವೆಂದು ಹಸು ದೂರುತ್ತವೆ. ಹೀಗೆ ಸಾಗಿದ ದೂರು ಕೊನೆಗೆ ಮಗುವನ್ನು ಕಚ್ಚಿದ ಇರುವೆಯಲ್ಲಿಗೆ ಬಂದು ನಿಲ್ಲುತ್ತದೆ. ತನ್ನ ಗೂಡಿಗೆ ಬೆರಳಿಟ್ಟರೆ ಕಚ್ಚದೆ ಬಿಡುವುದುಂಟೆ ಎಂಬುದು ಅದರ ನ್ಯಾಯ. ಪಡುವಣ ಕಡಲಿನ ಸಿಗಡಿಗೂ ಕಾಗಿಣಾ ಹೊಳೆಯಾಚೆಯ ಮೀನಿಗೂ ಒಂದೇ ವಂಶ! ತೊಗರಿಯ ಹೊಲದ ನಡುವೆ ಬೆಳೆದ ನಮ್ಮ ಮಗು ಸಿಗಡಿಯನ್ನು ಕಾಣದಿರಬಹುದು. ಕಥೆಯನ್ನು ಕೇಳಿದೊಡನೆ ಅದರ ನಡೆಯನ್ನು ಗುರುತಿಸುತ್ತದೆ. ಒಂದು ಅಂಗಳದ ಕಥೆ ತನ್ನ ಅಂಗಳದ ಮಣ್ಣನ್ನು ಕಾಲಿಗೆ ಅಂಟಿಸಿಕೊಂಡೇ ದೂರದ ಅಂಗಳಕ್ಕೆ ನಡೆದುಬರುತ್ತದೆ. ಮಣ್ಣನ್ನು ತೊಳೆದು ಕಳುಹಿಸಬೇಕಾಗಿಲ್ಲ ಎಂಬುದನ್ನು ಪಂಜೆಯವರು ತಮ್ಮ ಬರಹದಿಂದಲೇ ತೋರಿಸಿಕೊಟ್ಟರು.

ಅವರ ಕೋಟಿ ಚೆನ್ನಯ ಈ ದೃಷ್ಟಿಯಿಂದ ಇನ್ನೂ ದೊಡ್ಡ ಕೆಲಸ. ತುಳುನಾಡಿನ ಬಿಲ್ಲವ ವೀರರಾದ ಆ ಅವಳಿ ಸೋದರರನ್ನು ಗರಡಿಗಳಲ್ಲಿ ಪೂಜಿಸುತ್ತಾರೆ. ಅವರ ಪಾಡ್ದನವನ್ನು ನಾಟಿಯ ಗದ್ದೆಯಲ್ಲಿ ಹೆಂಗಸರು ಹಾಡುತ್ತಾರೆ. ಮದ್ದು ಬಲ್ಲ ದೇಯಿ ಬೈದೆತಿ ಪಡುಮಲೆಯ ಬಲ್ಲಾಳನನ್ನು ಬದುಕಿಸಿದ್ದು, ಅವಳ ಮಕ್ಕಳು ಬುದ್ಯಂತನ ಹಗೆಗೆ ಗುರಿಯಾದದ್ದು, ನ್ಯಾಯ ಸಿಗದೆ ಊರು ಬಿಟ್ಟು ಪಂಜಕ್ಕೂ ಎಣ್ಮೂರಿಗೂ ಹೋದದ್ದು, ಕೊನೆಗೆ ಕಾಳಗದಲ್ಲಿ ಮಡಿದದ್ದು, ಇದು ಕಥೆ. ಹಿರಿಯರ ಊರಾದ ಪಂಜವೇ ಬರುವ ಈ ಕಥೆ ರಾಯರ ಮನಸ್ಸನ್ನು ಹಿಡಿದದ್ದು ಆಶ್ಚರ್ಯವಲ್ಲ. ಅವರು ಅದನ್ನು ಕನ್ನಡದ ಗದ್ಯಕ್ಕೆ ತಂದರು. ಹಾಡಿನ ಕಥೆ ಗದ್ಯವಾದಾಗ, ಒಂದು ನುಡಿಯದು ಇನ್ನೊಂದಕ್ಕೆ ಬಂದಾಗ, ನಷ್ಟವಾಗಲಿಲ್ಲವೆ? ಆಗಿಯೇ ಆಯಿತು. ಗದ್ದೆಯ ಕೆಸರಿನಲ್ಲಿ ನಿಂತು ಹಾಡಿದ ದನಿಯನ್ನು ಯಾವ ಅಚ್ಚುಕೂಟವೂ ಹಿಡಿಯಲಾರದು. ಆದರೆ ತುಳುವನ್ನು ಎಂದೂ ಕೇಳದ ಕನ್ನಡಿಗರಿಗೆ ಆ ಸೋದರರ ಅಭಿಮಾನವೂ ಅವರಿಗಾದ ಅನ್ಯಾಯವೂ ತಿಳಿದುಬಂದದ್ದು ಈ ಹೊತ್ತಗೆಯಿಂದ. ಮೇಲಿನವರ ಅರಮನೆಯ ಚರಿತ್ರೆಯನ್ನೇ ಪಾಠವೆಂದು ಓದುತ್ತಿದ್ದ ಶಾಲೆಯೊಳಕ್ಕೆ ದುಡಿಯುವ ಕುಲದ ಇಬ್ಬರು ತರುಣರು ನಾಯಕರಾಗಿ ನಡೆದುಬಂದರು. ನಷ್ಟವನ್ನೂ ಲಾಭವನ್ನೂ ಒಟ್ಟಿಗೆ ತೂಗಿ ನೋಡಿದರೆ ತಕ್ಕಡಿ ಯಾವ ಕಡೆಗೆ ಬಾಗುತ್ತದೆಂಬುದು ಸ್ಪಷ್ಟ.

1920ರ ದಶಕದಲ್ಲಿ ಉದ್ಯೋಗ ಅವರನ್ನು ಕೊಡಗಿಗೆ ಕರೆದೊಯ್ದಿತು. ಅಲ್ಲಿಯೂ ಅವರು ಹೊರಗಿನವರಾಗಿ ಉಳಿಯಲಿಲ್ಲ. ಕೊಡವರ ಸುಗ್ಗಿಯ ಹಬ್ಬವಾದ ಹುತ್ತರಿಯ ಮೇಲೆ ಅವರು ಕಟ್ಟಿದ ಹುತ್ತರಿ ಹಾಡು ಕೊಡಗಿನ ಬೆಟ್ಟ, ಹೊಳೆ, ವೀರರನ್ನು ಎಷ್ಟು ಮನಃಪೂರ್ವಕವಾಗಿ ಹಾಡಿತೆಂದರೆ, ಕೊಡಗಿನವರು ಅದನ್ನು ತಮ್ಮ ಹಾಡೆಂದೇ ಬಗೆದರು. ಹುಟ್ಟಿನಿಂದ ಕೊಂಕಣಿಗ, ಬೆಳೆದದ್ದು ತುಳುವರ ನಡುವೆ, ಬರೆದದ್ದು ಕನ್ನಡದಲ್ಲಿ, ಹಾಡಿದ್ದು ಕೊಡಗನ್ನು. ಒಬ್ಬ ಉಪಾಧ್ಯಾಯನ ಎದೆಯಲ್ಲಿ ಎಷ್ಟು ನಾಡುಗಳಿಗೆ ಎಡೆಯಿತ್ತು!

1934ರಲ್ಲಿ ರಾಯಚೂರಿನಲ್ಲಿ ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಲನ ನೆರೆಯಿತು. ಅದಕ್ಕೆ ಆರು ವರ್ಷ ಹಿಂದೆ, 1928ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಮ್ಮೇಲನ ನಡೆದಿತ್ತು. ಎರಡು ಊರುಗಳೂ ಆಗ ನಿಜಾಮರ ಆಳ್ವಿಕೆಗೆ ಸೇರಿದ್ದವು. ಕಚೇರಿಯ ನುಡಿ ಉರ್ದು. ಉನ್ನತ ವಿದ್ಯೆಗೆಂದು 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಇನ್ನೊಂದು ನುಡಿಯ ಮುಂದೆ ತಬ್ಬಿಬ್ಬಾಗಿ ನಿಲ್ಲುವ ನೋವು ಈ ಸೀಮೆಗೆ ಹೊಸದಾಗಿರಲಿಲ್ಲ. ಅಂಥ ನೆಲದಲ್ಲಿ ಅಧ್ಯಕ್ಷಪೀಠಕ್ಕೆ ಮಹಾಕಾವ್ಯದ ಕರ್ತನನ್ನಲ್ಲದೆ, ಮಕ್ಕಳ ಪದ್ಯ ಬರೆದ ಶಾಲೆಯ ಮಾಸ್ತರರನ್ನು ಕರೆದು ಕೂಡಿಸಿದ್ದು ಎಷ್ಟು ಉಚಿತವಾಯಿತು!

ಆ ನೆಲಕ್ಕೂ ಎಳೆಯರ ಮಾತಿಗೂ ಹಳೆಯ ನಂಟೊಂದಿದೆ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿನ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಕನ್ನಡನಾಡಿನ ಜನ ಓದಿ ಕಲಿಯದೆಯೂ ಕಾವ್ಯದ ಬಗೆಯನ್ನು ಬಲ್ಲವರೆಂದು ಹೊಗಳಿದ ಆ ಗ್ರಂಥ, ಇಲ್ಲಿನ ಚಿಕ್ಕ ಮಕ್ಕಳೂ ತಮ್ಮ ವಿವೇಕವನ್ನು ತಿಳಿಯಪಡಿಸಬಲ್ಲರೆಂದು ಸೇರಿಸುತ್ತದೆ. ಅದಕ್ಕೂ ಹಿಂದೆ, ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯ ಬೌದ್ಧಸ್ತೂಪದಲ್ಲಿ, ಶಿಲ್ಪಿಗಳು ಈ ನೆಲದ ಸುಣ್ಣಗಲ್ಲಿನ ಹಲಗೆಗಳ ಮೇಲೆ ಜಾತಕದ ಕಥೆಗಳನ್ನು ಕೆತ್ತಿ, ಚಿತ್ರದ ಜತೆಗೆ ಬ್ರಾಹ್ಮೀ ಅಕ್ಷರಗಳಲ್ಲಿ ಹೆಸರನ್ನೂ ಬರೆದರು. ಶಹಾಬಾದಿನ ಕಲ್ಲನ್ನು ನಾವು ಮನೆಯ ನೆಲಕ್ಕೆ ಹಾಸುತ್ತೇವೆ. ಅದೇ ಸೀಮೆಯ ಕಲ್ಲನ್ನು ಅವರು ಚಿತ್ರಪುಸ್ತಕವಾಗಿ ಮಾಡಿದ್ದರು. ಓದುಬಾರದವನಿಗೂ ಚಿತ್ರ ಕಥೆ ಹೇಳಬೇಕು, ಅಕ್ಷರ ಜತೆಗಿರಬೇಕು ಎಂಬ ಬುದ್ಧಿ ಈ ನೆಲದಲ್ಲಿ ಅಷ್ಟು ಹಳೆಯದು.

ರಾಯಚೂರಿನ ಗೌರವದ ತರುವಾಯ ಪಂಜೆಯವರು ಬಹಳ ಕಾಲ ಬಾಳಲಿಲ್ಲ. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತಮ್ಮ ಅರುವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಾಲ ಸಾಹಿತ್ಯ ಮಂಡಲವೂ ಇಂದು ಹೆಸರಾಗಿ ಮಾತ್ರ ಉಳಿದಿದೆ. ಸಣ್ಣ ಪ್ರಕಾಶನಗಳ ಆಯುಸ್ಸು ಅವನ್ನು ಕಟ್ಟಿದವರ ಆಯುಸ್ಸಿಗಿಂತ ಹೆಚ್ಚಾಗಿರುವುದು ಅಪೂರ್ವ. ಆದರೆ ಬೀಜ ಉಳಿಯಿತು. ಅದೇ ಕರಾವಳಿಯ ಶಿವರಾಮ ಕಾರಂತರು ಚಿತ್ರಗಳಿಂದ ತುಂಬಿದ ಬಾಲ ಪ್ರಪಂಚದ ಸಂಪುಟಗಳನ್ನು ಮಕ್ಕಳ ಮುಂದಿಟ್ಟರು. ಚದುರಿಹೋಗಿದ್ದ ಪಂಜೆಯವರ ಬರಹಗಳು 1970ರ ದಶಕದಲ್ಲಿ, ಅವರ ಜನ್ಮಶತಾಬ್ದಿಯ ಹೊತ್ತಿಗೆ, ಸಂಪುಟಗಳಾಗಿ ಒಂದುಗೂಡಿದವು.

ಇಂದು ನಿಜಾಮರ ರಾಜ್ಯವಿಲ್ಲ. 1956ರಿಂದ ಈ ಸೀಮೆ ಕನ್ನಡ ನಾಡಿನ ಭಾಗ, 2019ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ. ಶಾಲೆಗಳಲ್ಲಿ ಕನ್ನಡವಿದೆ. ಆದರೆ ಪಂಜೆಯವರು ಕಂಡ ಕೊರತೆ ಮುಗಿಯಿತೆ? ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರು ತಮ್ಮ ನುಡಿಯಲ್ಲಿ ಕಥೆ ಹೇಳುತ್ತಾರೆ, ಹಾಡು ಕಟ್ಟುತ್ತಾರೆ. ಶಹಾಬಾದ, ವಾಡಿಗಳ ಕಾರ್ಮಿಕರ ಓಣಿಗಳಲ್ಲಿ ಉರ್ದು, ತೆಲುಗು, ಮರಾಠಿ, ಕನ್ನಡಗಳು ಒಂದೇ ನಳದ ಕಟ್ಟೆಯಲ್ಲಿ ಮಾತಾಡುತ್ತವೆ. ಅಲ್ಲಿನ ಮಗು ಪಂಜೆಯವರಂತೆಯೇ ಮೂರು ನಾಲ್ಕು ನುಡಿಗಳ ನಡುವೆ ಬೆಳೆಯುತ್ತಿದೆ. ಅದರ ಅಜ್ಜಿಯ ಕಥೆ, ಅದರ ಅಂಗಳದ ಚಿತ್ರದೊಡನೆ, ಅದು ಓದಬಲ್ಲ ದಪ್ಪ ಅಕ್ಷರದಲ್ಲಿ ಅಚ್ಚಾಗಿ ಅದರ ಕೈಗೆ ಬರುವುದು ಯಾವಾಗ? ಅದಕ್ಕೆ ದೊಡ್ಡ ಅಚ್ಚುಕೂಟ ಬೇಕಿಲ್ಲ. ಕಥೆಯನ್ನು ಕೇಳುವ ಒಬ್ಬ ಉಪಾಧ್ಯಾಯ, ಜತೆಗೂಡುವ ನಾಲ್ವರು ಗೆಳೆಯರು, ಕೂಡಿಬರದ ಲೆಕ್ಕಕ್ಕೆ ಅಂಜದ ಎದೆ ಇಷ್ಟಿದ್ದರೆ ಮಂಗಳೂರಿನಲ್ಲಿ ಆದದ್ದು ಸೇಡಮಿನಲ್ಲಿಯೂ ಆದೀತು.

ಪಂಜೆಯವರು ತಮ್ಮನ್ನು ಕವಿಯ ಶಿಷ್ಯನೆಂದು ಕರೆದುಕೊಂಡರು. ಆ ಕವಿ ಯಾರೆಂದು ಪಂಡಿತರು ಬೇಕಾದರೆ ಚರ್ಚಿಸಲಿ. ಅವರ ಹಾಡನ್ನು ಬಾಲ್ಯದಲ್ಲಿ ಕೂಗಿ ಹಾಡಿದವರಿಗೆ ಮಾತ್ರ, ಅಂಗಳದಲ್ಲಿ ಕಥೆ ಹೇಳುವ ಅಜ್ಜಿಯೂ ಅದನ್ನು ಕೇಳುತ್ತ ಕೂತ ಮಗುವೂ ಅವರ ಗುರುಗಳೆಂದು ಹೇಳಿಕೊಡಬೇಕಾಗಿಲ್ಲ.